ಥೀಮ್ ಪಾರ್ಕಿನ ದಿನ: ಕಿಸೆಗಳ್ಳರಿಂದಲೂ ಬೆನ್ನುಹತ್ತುವ ಮಾರಾಟಗಾರರಿಂದಲೂ ಪಾರಾಗುವ ಬಗೆ

ಥೀಮ್ ಪಾರ್ಕಿಗೆ ಹೋದವರ ಫೋನು, ಪರ್ಸು ರೈಡಿನ ಮೇಲೆ ಕುಳಿತಿರುವಾಗ ಕಳುವಾಗುವುದು ಅಪರೂಪ. ಟಿಕೆಟ್ ತೋರಿಸುವ ಗೇಟಿನಲ್ಲಿ, ಬಸ್ಸು ಹತ್ತುವ ನೂಕುನುಗ್ಗಲಿನಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಕೃತಕ ಅಲೆಗಳೇಳುವ ಕೊಳವಾದ ವೇವ್ ಪೂಲಿನ ದಡದಲ್ಲಿ, ಅಂದರೆ ಇರುವ ಎರಡು ಕೈಗಳಿಗೆ ಒಟ್ಟಿಗೇ ನಾಲ್ಕು ಕೆಲಸ ಬೀಳುವ ಕಡೆಗಳಲ್ಲಿ ಅವು ಮಾಯವಾಗುತ್ತವೆ. ಬೇಡವೆಂದರೂ ಬಿಡದೆ ಬೆನ್ನು ಹತ್ತುವ ಮಾರಾಟಗಾರರು ಎದುರಾಗುವುದೂ ಬಹುಮಟ್ಟಿಗೆ ಇಂಥ ಜಾಗಗಳಲ್ಲೇ. ಹೀಗಾಗಿ, ಮನೆಯಲ್ಲಿ ಮುಗಿಸಬಹುದಾದ ಯಾವ ಕೆಲಸವನ್ನೂ ಗೇಟಿನ ಮುಂದಕ್ಕೆ ಉಳಿಸಿಕೊಳ್ಳದಿರುವುದೇ ಈ ಎರಡು ತೊಂದರೆಗಳಿಗೂ ಮದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನವರಿಗೆ ಥೀಮ್ ಪಾರ್ಕ್ ಎಂದೊಡನೆ ನೆನಪಾಗುವುದು ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರವಿರುವ, 2005ರಲ್ಲಿ ಆರಂಭವಾದ ವಂಡರ್‌ಲಾ. ನಗರದೊಳಗೇ ಜೆ.ಸಿ. ನಗರದಲ್ಲಿ ಫನ್ ವರ್ಲ್ಡ್ ಇದೆ. ಬೇಸಿಗೆ ರಜೆ, ದಸರಾ ರಜೆ, ಶಾಲಾ ಪ್ರವಾಸಗಳ ಡಿಸೆಂಬರ್ ತಿಂಗಳು, ಇವಲ್ಲದೆ ಎರಡು ಮೂರು ದಿನ ಸಾಲಾಗಿ ರಜೆ ಬಂದಾಗ ಇಂಥ ಜಾಗಗಳಲ್ಲಿ ಜನಜಂಗುಳಿ ಇರುತ್ತದೆ. ದಿನವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ವಾರದ ನಡುವಿನ ಒಂದು ದಿನ, ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಅಲ್ಲಿರುವಂತೆ ಹೊರಡುವುದು ಒಳ್ಳೆಯದು. ಗುಂಪು ಕರಗಿದಷ್ಟೂ ಕೈಚಳಕಕ್ಕೆ ಅವಕಾಶ ಕಡಿಮೆ.

ಹಿಂದಿನ ರಾತ್ರಿ

ಮೊದಲು ಮೈಮೇಲಿನ ಚಿನ್ನದ ವಿಷಯ. ನೀರಿನಾಟಕ್ಕೆ ಹೋಗುವವರು ಸರ, ಬಳೆ, ಉಂಗುರ, ಜುಮುಕಿಗಳನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು, ಇದರಲ್ಲಿ ಎರಡು ಮಾತಿಲ್ಲ. ತೊಡಕಾಗುವುದು ಮಾಂಗಲ್ಯದ ಸರದ ವಿಷಯದಲ್ಲಿ. ಅದನ್ನು ತೆಗೆದಿಡಲು ಅನೇಕ ಗೃಹಿಣಿಯರು ಒಪ್ಪುವುದಿಲ್ಲ, ಆ ಭಾವನೆಯನ್ನು ಗೌರವಿಸಲೇಬೇಕು. ಆದರೆ ಸ್ಲೈಡಿನ ರಭಸಕ್ಕೆ ಕೊಂಡಿ ಕಳಚಿಕೊಂಡರೆ ಅಷ್ಟು ನೀರಿನಲ್ಲಿ ಹುಡುಕುವುದು ಕಷ್ಟ. ತೆಗೆದು ಟವೆಲಿನ ಮಡಿಕೆಯಲ್ಲಿ ಸುತ್ತಿಟ್ಟರೆ ಅದನ್ನು ನೋಡಿದ ಕಣ್ಣು ಯಾರದೆಂದು ಹೇಳಲಾಗದು. ಆ ಒಂದು ದಿನದ ಮಟ್ಟಿಗೆ ತಾಳಿಯನ್ನು ಅರಿಶಿನದ ದಾರಕ್ಕೆ ಪೋಣಿಸಿಕೊಂಡು, ಅಥವಾ ಬರಿಯ ಕರಿಮಣಿಯನ್ನು ಧರಿಸಿ, ಚಿನ್ನದ ಸರವನ್ನು ಮನೆಯ ಬೀರುವಿನಲ್ಲಿಟ್ಟು ಬರುವ ಕ್ರಮವನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಅದಕ್ಕಿಂತ ಉತ್ತಮವಾದ ದಾರಿ ನನಗೆ ತೋರಿಲ್ಲ.

ಪರ್ಸನ್ನು ಹಗುರಾಗಿಸಿಕೊಳ್ಳುವುದು ಎರಡನೆಯ ಕೆಲಸ. ಮೂಲ ಆಧಾರ್ ಕಾರ್ಡು, ಪ್ಯಾನ್ ಕಾರ್ಡು, ಬ್ಯಾಂಕಿನ ಅಷ್ಟೂ ಡೆಬಿಟ್ ಕಾರ್ಡುಗಳು, ಮನೆಯ ಕೀಲಿಗೊಂಚಲು ಎಲ್ಲವೂ ಒಂದೇ ಚೀಲದಲ್ಲಿದ್ದರೆ, ಹೋದಾಗ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಚಾಲನಾ ಪರವಾನಗಿ ಮತ್ತು ವಾಹನದ ಆರ್‌ಸಿ ಸರ್ಕಾರದ ಡಿಜಿಟಲ್ ದಾಖಲೆ ಆ್ಯಪ್ ಆದ ಡಿಜಿಲಾಕರ್‌ನಲ್ಲಿದ್ದರೆ ಪೊಲೀಸರು ತಪಾಸಣೆಯ ವೇಳೆ ಅವನ್ನು ಒಪ್ಪುತ್ತಾರೆ. ವಿದ್ಯಾರ್ಥಿ ರಿಯಾಯಿತಿಯಂಥ ಕಾರಣಕ್ಕೆ ಮೂಲ ಗುರುತಿನ ಚೀಟಿಯೇ ಬೇಕೆಂದಿದ್ದರೆ ಅದೊಂದನ್ನು ಮಾತ್ರ ಒಯ್ಯಬಹುದು. ನಗದನ್ನು ಎರಡು ಭಾಗ ಮಾಡಿ, ಚಿಲ್ಲರೆ ಖರ್ಚಿನ ನೂರು, ಐವತ್ತು, ಇಪ್ಪತ್ತರ ನೋಟುಗಳನ್ನು ಒಂದು ಸಣ್ಣ ಚೀಲದಲ್ಲಿಟ್ಟು, ಉಳಿದುದನ್ನು ಮತ್ತೊಬ್ಬರ ಬಳಿ ಕೊಟ್ಟಿರಬೇಕು. ಗೇಟಿನ ಹೊರಗೆ ಐನೂರರ ನೋಟು ತೆಗೆದು ಎಳನೀರು ಕೇಳಿದರೆ ಚಿಲ್ಲರೆಗಾಗಿ ಎಲ್ಲರೆದುರು ಪರ್ಸು ತೆರೆದುಕೊಂಡೇ ನಿಲ್ಲಬೇಕಾಗುತ್ತದೆ.

ಈಗಿನ ದಿನಗಳಲ್ಲಿ ಕಳ್ಳನಿಗೆ ಪರ್ಸಿಗಿಂತ ಫೋನೇ ದೊಡ್ಡ ಗಳಿಕೆ, ಏಕೆಂದರೆ ಬ್ಯಾಂಕು ಇರುವುದೇ ಅದರೊಳಗೆ. ಹೊರಡುವ ಮುನ್ನ *#06# ಒತ್ತಿದರೆ ಪರದೆಯ ಮೇಲೆ ಆ ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಮೂಡುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ಸಂಖ್ಯೆಗಳು ಬರುತ್ತವೆ. ಇವನ್ನು ಕಾಗದದಲ್ಲಿ ಬರೆದು ಮನೆಯಲ್ಲಿಡಬೇಕು, ಫೋನ್ ಕೊಂಡ ಬಿಲ್ಲಿನ ಚಿತ್ರವನ್ನು ಮನೆಯವರೊಬ್ಬರಿಗೆ ಕಳುಹಿಸಿರಬೇಕು. ಲಾಕ್ ಆಗಿರುವ ಪರದೆಯ ಮೇಲೂ ಒಟಿಪಿ ಸಂದೇಶ ಕಾಣಿಸುವಂತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಮರೆಮಾಡಬೇಕು. ಸಿಮ್ಮಿಗೂ ಪ್ರತ್ಯೇಕ ಪಿನ್ ಹಾಕಿದ್ದರೆ, ಕಳ್ಳನು ಅದನ್ನು ಬೇರೆ ಫೋನಿಗೆ ಹಾಕಿ ಒಟಿಪಿ ತರಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಜನಸಂದಣಿಯಲ್ಲಿ ಮತ್ತೆ ಮತ್ತೆ ಯುಪಿಐ ಪಿನ್ ಒತ್ತುವುದನ್ನು ತಪ್ಪಿಸಲು ಯುಪಿಐ ಲೈಟ್ ನೆರವಾಗುತ್ತದೆ. ಅದರಲ್ಲಿ ಗರಿಷ್ಠ 5,000 ರೂಪಾಯಿ ಇಟ್ಟುಕೊಂಡು, ಒಂದು ಬಾರಿಗೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಪಾವತಿಸಬಹುದು. ಪಿನ್ ಬೇಡವೆಂಬ ಕಾರಣಕ್ಕೇ ಆ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಅದರಲ್ಲಿ ತುಂಬುವುದು ಕ್ಷೇಮ.

ಕೊನೆಯದಾಗಿ, ಗೇಟಿನ ಹೊರಗೆ ಏನು ಮಾರುತ್ತಾರೆಂಬುದನ್ನು ಊಹಿಸಿ ಅದನ್ನು ಮನೆಯಿಂದಲೇ ಒಯ್ಯುವುದು. ನೀರಿನ ರೈಡುಗಳಿಗೆ ಹತ್ತಿಯ ಬಟ್ಟೆ, ಜೀನ್ಸ್, ಸೀರೆ ಉಟ್ಟವರನ್ನು ಬಿಡುವುದಿಲ್ಲವೆಂಬುದೂ, ನೈಲಾನಿನಂಥ ಸಿಂಥೆಟಿಕ್ ಉಡುಪೇ ಬೇಕೆಂಬುದೂ ಮಾರುವವರಿಗೆ ಗೊತ್ತು. ಬಂದ ಕುಟುಂಬಕ್ಕೆ ಗೊತ್ತಿಲ್ಲದಿದ್ದರೆ, ಅವರು ಹೇಳಿದ್ದೇ ಬೆಲೆ. ನಾಲ್ಕು ಮಂದಿಯ ಈಜುಡುಗೆ, ನೀರು ಹೋಗದ ಮೊಬೈಲ್ ಪೌಚು, ಟೋಪಿ, ಟವೆಲು, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ ಇಷ್ಟು ಜೊತೆಗಿದ್ದರೆ, ದಾರಿಗಡ್ಡ ನಿಂತವರಿಗೆ ಬೇಡವೆಂದು ಹೇಳುವ ಧೈರ್ಯ ತಾನಾಗಿಯೇ ಬರುತ್ತದೆ. ಪೌಚನ್ನು ಮಾತ್ರ ಒಮ್ಮೆ ಪರೀಕ್ಷಿಸಿರಬೇಕು. ಒಳಗೆ ಕಾಗದದ ಕರವಸ್ತ್ರವೊಂದನ್ನಿಟ್ಟು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಅದರ ಯೋಗ್ಯತೆ ತಿಳಿಯುತ್ತದೆ.

ದಾರಿಯಲ್ಲಿ

ಬಿಡದಿಯ ಕಡೆಗೆ ಮೆಜೆಸ್ಟಿಕ್ಕಿನಿಂದಲೂ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದಲೂ ಬಸ್ಸುಗಳಿವೆ. ನಮ್ಮ ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ. ಯಾವುದರಲ್ಲಿ ಹೋದರೂ ಕಿಸೆಗಳ್ಳನಿಗೆ ಅನುಕೂಲವಾದ ಕ್ಷಣ ಬಸ್ಸಿನ ಬಾಗಿಲಿನದು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಮಗುವಿನ ರೆಟ್ಟೆಯ ಮೇಲೆ, ಬೆನ್ನಿನ ಚೀಲ ಹಿಂದಿನವರ ಎದೆಗೆ ತಾಗಿಕೊಂಡಿರುವಾಗ ಜಿಪ್ಪು ಅರ್ಧ ಸರಿದರೆ ಗೊತ್ತಾಗುವುದಿಲ್ಲ. ಬಾಗಿಲು ಸಮೀಪಿಸುವ ಮೊದಲೇ ಬೆನ್ನಿನ ಚೀಲವನ್ನು ಎದೆಯ ಮೇಲಕ್ಕೆ ತಂದುಕೊಳ್ಳಬೇಕು, ಹೆಗಲ ಚೀಲವಾದರೆ ಜಿಪ್ಪಿರುವ ಮಗ್ಗುಲು ಮೈಗೆ ಒತ್ತಿರುವಂತೆ ತಿರುಗಿಸಿ ಕಂಕುಳಲ್ಲಿ ಅವುಚಿಕೊಳ್ಳಬೇಕು. ಪ್ಯಾಂಟಿನ ಹಿಂದಿನ ಜೇಬು ಆ ದಿನ ಖಾಲಿಯಿರಲಿ. ಫೋನಿಗೆ ಮುಂದಿನ ಜೇಬೇ ಸರಿ, ಅದರ ಮೇಲೊಂದು ಕರವಸ್ತ್ರ ತುರುಕಿದ್ದರೆ ಎಳೆಯುವವನಿಗೆ ಮೊದಲು ಸಿಗುವುದು ಕರವಸ್ತ್ರ.

ಕಾರಿನಲ್ಲಿ ಹೋಗುವವರಿಗೆ ಬೇರೆ ಬಗೆಯ ಅಪಾಯ. ಬೆಂಗಳೂರು ಪೊಲೀಸರ ಭಾಷೆಯಲ್ಲಿ ‘ಗಮನ ಬೇರೆಡೆ ಸೆಳೆದು ಕಳವು’ ಎಂಬುದು ಬಹಳ ಹಳೆಯ ಪ್ರಕರಣ. ಕಾರಿನ ಪಕ್ಕ ಹತ್ತರ ನೋಟುಗಳನ್ನು ಚೆಲ್ಲಿ, ‘ಸಾರ್, ನಿಮ್ಮ ದುಡ್ಡು ಬಿದ್ದಿದೆ’ ಎನ್ನುತ್ತಾರೆ. ಟೈರಿನಲ್ಲಿ ಗಾಳಿಯಿಲ್ಲ, ಎಂಜಿನ್ನಿನಿಂದ ಆಯಿಲ್ ಸೋರುತ್ತಿದೆ, ಅಂಗಿಯ ಮೇಲೆ ಹೊಲಸು ಬಿದ್ದಿದೆ ಎಂದು ಎಚ್ಚರಿಸುವವರೂ ಉಂಟು. ಇಳಿದು ಬಗ್ಗಿ ನೋಡುವಷ್ಟರಲ್ಲಿ ಜೊತೆಯವನೊಬ್ಬ ಇನ್ನೊಂದು ಬಾಗಿಲಿನಿಂದ ಚೀಲ ಎತ್ತಿಕೊಂಡಿರುತ್ತಾನೆ. ಯಾರೇ ಏನೇ ಹೇಳಲಿ, ಮೊದಲು ಗಾಜು ಏರಿಸಿ, ಎಲ್ಲ ಬಾಗಿಲುಗಳನ್ನೂ ಲಾಕ್ ಮಾಡಿ, ಬಳಿಕ ನೋಡಬಹುದು. ನಿಜವಾಗಿಯೂ ಟೈರು ಪಂಕ್ಚರ್ ಆಗಿದ್ದರೂ ಆ ಅರ್ಧ ನಿಮಿಷದಲ್ಲಿ ನಷ್ಟವೇನೂ ಆಗದು. ಬಿಡದಿಯಲ್ಲಿ ತಟ್ಟೆ ಇಡ್ಲಿಗೆಂದು ಕಾರು ನಿಲ್ಲಿಸುವವರು ಹಿಂದಿನ ಸೀಟಿನ ಮೇಲಿನ ಬ್ಯಾಗುಗಳನ್ನು ಡಿಕ್ಕಿಗೆ ಸಾಗಿಸುವ ಕೆಲಸವನ್ನು ಹೋಟೆಲಿನ ಮುಂದೆ ಮಾಡದೆ, ಮನೆಯಿಂದ ಹೊರಡುವಾಗಲೇ ಮುಗಿಸಿರಬೇಕು. ಹತ್ತು ಜನರ ಎದುರು ಡಿಕ್ಕಿ ತೆರೆದು ಲ್ಯಾಪ್‌ಟಾಪ್ ಇಟ್ಟು ಹೋದರೆ ಅದು ಎಲ್ಲಿದೆ ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ಗೇಟಿನ ಹೊರಗೆ

ಬೀದಿಯಲ್ಲಿ ಮಾರುವವರನ್ನೆಲ್ಲ ಕಳ್ಳರ ಸಾಲಿಗೆ ಸೇರಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದು ಅನ್ಯಾಯ. ಬೀದಿ ವ್ಯಾಪಾರ ಒಂದು ಜೀವನೋಪಾಯ, ಅದನ್ನು ರಕ್ಷಿಸಲೆಂದೇ 2014ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂದಿದೆ. ದಿನವೂ ಅದೇ ಗೇಟಿನ ಬಳಿ ಕುಳಿತು ಸೌತೆಕಾಯಿ, ಮಾವಿನಕಾಯಿ ಹೆಚ್ಚಿಕೊಡುವ ಅಮ್ಮನಿಗೆ ಅಲ್ಲಿಗೆ ಹೊಸದಾಗಿ ಬಂದು ಸುಳಿದಾಡುವವರ ಗುರುತು ನಮಗಿಂತ ಚೆನ್ನಾಗಿ ಸಿಗುತ್ತದೆ. ‘ಬ್ಯಾಗ್ ಜಿಪ್ ಹಾಕ್ಕೊಳ್ಳಮ್ಮ’ ಎಂದು ಎಚ್ಚರಿಸುವವರೂ ಸಾಮಾನ್ಯವಾಗಿ ಇಂಥವರೇ. ಆದ್ದರಿಂದ ಇಲ್ಲಿ ಹೇಳುವುದು ಮಾರುವವರ ವಿರುದ್ಧವಲ್ಲ, ಒತ್ತಾಯದಿಂದ ಮಾರುವ ಕ್ರಮದ ವಿರುದ್ಧ.

ಬೇಡವಾದಾಗ ‘ಬೇಡಣ್ಣ’, ‘ಬೇಡಮ್ಮ’ ಎಂದು ಒಮ್ಮೆ, ಮುಖ ನೋಡಿ, ಸೌಜನ್ಯದಿಂದ ಹೇಳಿ ನಡಿಗೆ ನಿಲ್ಲಿಸದೆ ಮುಂದೆ ಸಾಗಬೇಕು. ಕೊಳ್ಳುವ ಮನಸ್ಸಿಲ್ಲದಿದ್ದರೆ ಬೆಲೆ ಕೇಳಲೇಬಾರದು. ‘ಎಷ್ಟು?’ ಎಂದೊಡನೆ ಚೌಕಾಸಿ ಆರಂಭವಾದಂತೆಯೇ ಲೆಕ್ಕ, ಆಮೇಲೆ ಇನ್ನೂರೆಂದವರು ನೂರಕ್ಕಿಳಿದು ಗೇಟಿನವರೆಗೂ ಜೊತೆಗೆ ಬಂದರೆ ಅವರನ್ನು ದೂರುವಂತಿಲ್ಲ. ‘ಆಮೇಲೆ ನೋಡೋಣ’, ‘ಬರುವಾಗ ತಗೋತೀನಿ’ ಎಂಬ ಮಾತುಗಳನ್ನು ದಾಕ್ಷಿಣ್ಯಕ್ಕಾಗಿ ಹೇಳುವುದೂ ತಪ್ಪು. ಸಂಜೆ ಅವರು ಅದನ್ನು ನೆನಪಿಟ್ಟುಕೊಂಡೇ ಕಾದಿರುತ್ತಾರೆ, ಅದರಲ್ಲಿ ನ್ಯಾಯವೂ ಇದೆ.

ಹೆಚ್ಚು ಕಷ್ಟವಾಗುವುದು ಮಕ್ಕಳ ಕೈಗೆ ನೇರವಾಗಿ ಬಲೂನನ್ನೋ ಮಿಣುಕು ದೀಪದ ಆಟಿಕೆಯನ್ನೋ ಕೊಟ್ಟುಬಿಡುವವರ ಎದುರು. ಮಗು ಅದನ್ನು ಹಿಡಿದುಕೊಂಡಿದೆ, ಕಿತ್ತುಕೊಂಡರೆ ಅಳುತ್ತದೆ, ಹಿಂದೆ ಸರದಿಯವರು ನೂಕುತ್ತಿದ್ದಾರೆ. ಈ ಒತ್ತಡವನ್ನು ನಂಬಿಯೇ ಅವರು ಹಾಗೆ ಮಾಡುವುದು. ಕೂಡಲೇ ಮಗುವಿನ ಮಟ್ಟಕ್ಕೆ ಬಗ್ಗಿ, ವಸ್ತುವನ್ನು ತೆಗೆದುಕೊಂಡು ಮಾರುವವರ ಕೈಗೇ ಕೊಡಬೇಕು. ಕೈ ಹಿಂದಕ್ಕೆಳೆದುಕೊಂಡರೆ ಅವರ ಬುಟ್ಟಿಯ ಮೇಲಿಟ್ಟು ಹೊರಡಬೇಕು. ಹಿಂದಿನ ದಿನವೇ ಮಕ್ಕಳ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ಈ ರಗಳೆ ಬಹಳ ಮಟ್ಟಿಗೆ ತಪ್ಪುತ್ತದೆ. ‘ಹೊರಗೆ ಯಾರು ಏನು ಕೊಟ್ಟರೂ ಮುಟ್ಟಬಾರದು, ವಾಪಸು ಬರುವಾಗ ನಿನಗೆ ಇಷ್ಟವಾದದ್ದು ಒಂದು’ ಎಂದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಕೊಟ್ಟ ಮಾತನ್ನು ಸಂಜೆ ನಡೆಸಿಕೊಡಬೇಕು.

ಕೊಳ್ಳುವುದೇ ಆದರೆ ಗುಂಪಿನಿಂದ ಎರಡು ಹೆಜ್ಜೆ ಪಕ್ಕಕ್ಕೆ ಬಂದು, ಚೀಲ ಮುಂದಿಟ್ಟುಕೊಂಡು, ಒಬ್ಬರು ಕೊಳ್ಳುವಾಗ ಇನ್ನೊಬ್ಬರು ಸುತ್ತ ನೋಡುತ್ತಿರಬೇಕು. ಕ್ಯೂಆರ್ ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಬರುವ ಹೆಸರನ್ನು ಓದಿ, ‘ಈ ಹೆಸರು ನಿಮ್ಮದೇ?’ ಎಂದು ಕೇಳಿ ಹಣ ಕಳುಹಿಸುವುದು ಇಬ್ಬರಿಗೂ ಒಳ್ಳೆಯದು, ಏಕೆಂದರೆ ಬಡ ವ್ಯಾಪಾರಿಯ ಕ್ಯೂಆರ್ ಮೇಲೆ ಬೇರೆಯವರು ತಮ್ಮ ಚೀಟಿ ಅಂಟಿಸಿ ಹೋದರೆ ನಷ್ಟವಾಗುವುದು ಅವರಿಗೆ. ಹಣ ವಾಪಸು ಕೊಡುತ್ತೇವೆಂದು ಯಾರಾದರೂ ಪಿನ್ ಒತ್ತಲು ಹೇಳಿದರೆ ಅದು ಮೋಸವೇ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣಗಳ ಮೇಲೆ ಮುದ್ರಿಸಿದ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳುವುದಕ್ಕೂ ಅಂಗಡಿಯವರಿಗೆ ಅಧಿಕಾರವಿಲ್ಲ. ಬಿಲ್ಲು ಪಡೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ವಸ್ತು ಮಾರದೆಯೂ ಬೆನ್ನು ಹತ್ತುವವರಿದ್ದಾರೆ. ಅರ್ಧ ಬೆಲೆಗೆ ಟಿಕೆಟ್ ಕೊಡಿಸುತ್ತೇವೆ ಎನ್ನುವವರನ್ನು ಮಾತನಾಡಿಸುವುದೇ ಬೇಡ. ಟಿಕೆಟನ್ನು ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಅಥವಾ ಕೌಂಟರಿನಲ್ಲೇ ಕೊಳ್ಳಬೇಕು, ಕ್ಯೂಆರ್‌ನ ಚಿತ್ರ ಜೊತೆಯ ಇನ್ನೊಬ್ಬರ ಫೋನಿನಲ್ಲೂ ಇರಬೇಕು. ರಸೀದಿ ಕೊಡದೆ ರಸ್ತೆ ಬದಿಯಲ್ಲಿ ಪಾರ್ಕಿಂಗ್ ಹಣ ಕೇಳುವವರಿಗೆ ಕೊಟ್ಟರೆ ವಾಹನದ ಹೊಣೆ ಯಾರದೂ ಆಗುವುದಿಲ್ಲ. ‘ಲಕ್ಕಿ ಡ್ರಾ ಸಾರ್, ಹೆಸರು ನಂಬರ್ ಬರೆಯಿರಿ ಸಾಕು’ ಎಂದು ಚೀಟಿ ಹಿಡಿದು ಬರುವವರನ್ನು ಬೆಂಗಳೂರಿನ ಮಾಲುಗಳಲ್ಲಿ, ಜಾತ್ರೆಯಂತೆ ಜನ ಸೇರುವ ಪ್ರದರ್ಶನಗಳಲ್ಲಿ ನೋಡಿಯೇ ಇರುತ್ತೇವೆ. ಚೀಟಿಗೆ ಬಹುಮಾನ ಬಂದಿದೆಯೆಂದು ವಾರದ ಬಳಿಕ ಕರೆ ಬರುತ್ತದೆ, ಬಹುಮಾನ ಪಡೆಯಲು ದಂಪತಿಗಳಿಬ್ಬರೂ ಹೋಟೆಲಿಗೆ ಬರಬೇಕೆನ್ನುತ್ತಾರೆ, ಅಲ್ಲಿ ಗಂಟೆಗಟ್ಟಲೆ ಕೂರಿಸಿಕೊಂಡು ಹಾಲಿಡೇ ಸದಸ್ಯತ್ವವನ್ನು ತಲೆಗೆ ಕಟ್ಟಲು ನೋಡುತ್ತಾರೆ. ಫೋನ್ ನಂಬರನ್ನು ಬರೆದುಕೊಡದಿದ್ದರೆ ಇದು ಅಲ್ಲಿಗೇ ಮುಗಿಯುತ್ತದೆ.

ಒಳಗೆ ಹೋದ ಮೇಲೆ

ಲಾಕರ್ ಬಾಡಿಗೆಯ ನೂರಿನ್ನೂರು ರೂಪಾಯಿ ಉಳಿಸಲು ಹೋಗುವುದು ಇಡೀ ದಿನದ ಅತಿ ದುಬಾರಿ ಉಳಿತಾಯ. ದೊಡ್ಡ ಗುಂಪಿಗೆ ಒಂದರ ಬದಲು ಎರಡು ಲಾಕರ್ ಪಡೆದು ಫೋನುಗಳನ್ನೂ ನಗದನ್ನೂ ಬೇರೆ ಬೇರೆ ಇಡುವುದು ಇನ್ನೂ ಉತ್ತಮ. ವಸ್ತುಗಳನ್ನಿಡುವಾಗ ಬಾಗಿಲಿಗೆ ಮೈ ಅಡ್ಡ ಕೊಟ್ಟು ನಿಲ್ಲಬೇಕು, ಬೆಲೆಬಾಳುವುದನ್ನು ಮೊದಲು ಹಿಂದಕ್ಕೆ ತಳ್ಳಿ ಅದರ ಮುಂದೆ ಬಟ್ಟೆ ಇಡಬೇಕು, ಬಾಗಿಲು ಹಾಕಿ ಕೀಲಿ ತಿರುಗಿಸಿದ ಮೇಲೆ ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಬೇಕು. ಕೀಲಿ ತಿರುಗಿದರೂ ಕೊಂಡಿ ಕೂರದೆ ಇರುವ ಹಳೆಯ ಲಾಕರುಗಳುಂಟು. ಹಾಗಿದ್ದರೆ ಸಂಕೋಚವಿಲ್ಲದೆ ಬೇರೆಯದನ್ನು ಕೇಳಿ ಪಡೆಯಬೇಕು. ಕೀಲಿಯ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿಯಾಗಿ ಹಾಕಿಕೊಳ್ಳಬೇಕು. ಅಂಕಿಯ ಲಾಕ್ ಆಗಿದ್ದರೆ 1234 ಅಥವಾ ಹುಟ್ಟಿದ ವರ್ಷ ಬೇಡ, ಒತ್ತುವಾಗ ಇನ್ನೊಂದು ಕೈ ಮರೆಯಿರಲಿ.

ವೇವ್ ಪೂಲಿನ ದಡದಲ್ಲಿ ಟವೆಲುಗಳ ಕೆಳಗೆ ಫೋನುಗಳನ್ನಿಟ್ಟು ನೀರಿಗಿಳಿಯುವ ದೃಶ್ಯ ಎಲ್ಲ ಪಾರ್ಕುಗಳಲ್ಲೂ ಕಾಣುತ್ತದೆ. ಅಲೆಯ ಸೈರನ್ ಕೇಳಿಸಿದೊಡನೆ ಎಲ್ಲರೂ ಒಮ್ಮೆಗೇ ನೀರಿನತ್ತ ಓಡುತ್ತಾರೆ, ದಡ ಖಾಲಿಯಾಗುತ್ತದೆ, ಟವೆಲಿನ ಉಬ್ಬು ಮಾತ್ರ ಉಳಿಯುತ್ತದೆ. ಒಬ್ಬರು ಸರದಿಯಂತೆ ದಡದಲ್ಲಿ ಕೂರುವ ಏರ್ಪಾಡು ಇಲ್ಲದಿದ್ದರೆ ಅಲ್ಲಿ ಏನನ್ನೂ ಇಡಬಾರದು. ಕೂರುವ ಕೆಲಸವನ್ನು ದಿನವಿಡೀ ಅಜ್ಜಿಯೊಬ್ಬರಿಗೇ ಹೊರಿಸುವುದೂ ಸರಿಯಲ್ಲ, ಅವರೂ ಟಿಕೆಟ್ ಕೊಟ್ಟು ಬಂದವರೇ.

‘ಒಂದು ಕಾಲ್ ಮಾಡಿಕೊಳ್ಳಲಾ?’ ಎಂದು ಅಪರಿಚಿತರು ಫೋನ್ ಕೇಳಿದರೆ ನಂಬರು ಕೇಳಿ ನಾವೇ ಒತ್ತಿ, ಸ್ಪೀಕರಿನಲ್ಲಿ ಹಾಕಿ, ಫೋನನ್ನು ನಮ್ಮ ಕೈಯಲ್ಲೇ ಹಿಡಿದು ಮಾತನಾಡಿಸಬಹುದು. ನಿಜವಾದ ಕಷ್ಟದಲ್ಲಿರುವವರು ಇದಕ್ಕೆ ಬೇಸರಪಡುವುದಿಲ್ಲ. ರೈಡಿನಲ್ಲಿ ತೆಗೆದ ಫೋಟೋವನ್ನು ಚೌಕಟ್ಟು ಹಾಕಿ ಮುಂದೆ ಹಿಡಿಯುವವರು, ಪಾರ್ಕಿನ ಸಮವಸ್ತ್ರದಲ್ಲಿದ್ದರೂ, ಮಾರಾಟಗಾರರೇ. ಮುದ್ರಿಸಿಬಿಟ್ಟಿದ್ದಾರೆ ಎಂಬ ಕಾರಣಕ್ಕೆ ಅದನ್ನು ಕೊಳ್ಳಬೇಕಾಗಿಲ್ಲ.

ಸಂಜೆ ಹಿಂತಿರುಗುವ ಹೊತ್ತಿನಲ್ಲಿ ಎಲ್ಲರೂ ದಣಿದಿರುತ್ತಾರೆ. ಬೆಳಿಗ್ಗೆ ಇದ್ದ ಎಚ್ಚರ ಆಗ ಇರುವುದಿಲ್ಲ, ಕೈಯಲ್ಲಿ ಒದ್ದೆ ಬಟ್ಟೆಯ ಚೀಲ ಬೇರೆ. ಲಾಕರಿನ ಮುಂದೆಯೇ ಒಂದು ನಿಮಿಷ ನಿಂತು ಫೋನು, ಪರ್ಸು, ಕೀಲಿ, ಕನ್ನಡಕ ಎಂದು ಬಾಯಲ್ಲಿ ಹೇಳಿಕೊಂಡೇ ಎಣಿಸಿ ಹೊರಡಬೇಕು. ಆಟೋ ಅಥವಾ ಕ್ಯಾಬನ್ನು ಗೇಟಿನ ಒಳಗಡೆಯೇ ನಿಂತು ಬುಕ್ ಮಾಡಬೇಕು. ರಸ್ತೆಯಂಚಿನಲ್ಲಿ ಫೋನನ್ನು ಮುಂದೆ ಚಾಚಿ ನಕ್ಷೆ ನೋಡುತ್ತಾ ನಿಂತವರ ಕೈಯಿಂದ ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋಗುವುದು ನಮ್ಮ ನಗರದಲ್ಲಿ ಹೊಸದೇನಲ್ಲ.

ಕಳುವಾದರೆ

ಗಾಬರಿಯಲ್ಲಿ ಹುಡುಕುತ್ತಾ ಅಲೆಯುವ ಬದಲು ನೇರವಾಗಿ ಪಾರ್ಕಿನ ಭದ್ರತಾ ಕೊಠಡಿಗೆ ಹೋಗಿ, ವಸ್ತುವನ್ನು ಕಡೆಯ ಬಾರಿ ನೋಡಿದ ಜಾಗವನ್ನೂ ಸಮಯವನ್ನೂ ತಿಳಿಸಿ, ಸಿಸಿಟಿವಿ ದೃಶ್ಯಗಳನ್ನು ಉಳಿಸಿಡುವಂತೆ ಲಿಖಿತವಾಗಿ ಕೇಳಬೇಕು. ಅದೇ ಹೊತ್ತಿಗೆ ಜೊತೆಯವರ ಫೋನಿನಿಂದ ಸಿಮ್ ಕಂಪನಿಗೆ ಕರೆಮಾಡಿ ಸಿಮ್ ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ ಯುಪಿಐ ತಡೆಹಿಡಿಸಬೇಕು. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಮೊದಲ ಗಂಟೆಗಳಲ್ಲಿ ದೂರು ಬಂದರೆ ಹಣ ಮುಂದಿನ ಖಾತೆಗಳಿಗೆ ಹರಿಯುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಜಗಳ, ಬೆದರಿಕೆ ಏನಾದರೂ ಇದ್ದರೆ ತುರ್ತು ಸಂಖ್ಯೆ 112.

ಪೊಲೀಸ್ ಠಾಣೆಯ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಕರ್ನಾಟಕ ಪೊಲೀಸರ ಆನ್‌ಲೈನ್ ಇ-ಲಾಸ್ಟ್ ವರದಿಯು ವಸ್ತು ಕಳೆದುಹೋದಾಗ ಬಳಸಲು ಇರುವುದು. ಕಳವಾಗಿದೆಯೆಂದು ಖಚಿತವಿದ್ದರೆ ದೂರಿನಲ್ಲಿ ‘ಕಳೆದುಹೋಗಿದೆ’ ಎಂದು ಬರೆಯದೆ ‘ಕಳುವಾಗಿದೆ’ ಎಂದೇ ಬರೆಯಬೇಕು. ಬಿಡದಿ ಬೆಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯ ಹೊರಗಿರುವುದರಿಂದ, ಮನೆ ತಲುಪಿ ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ದೂರು ಕೊಡಲು ಹೋದರೆ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರ ಬರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುತ್ತಾರೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳವನ್ನು ಅಸಂಜ್ಞೇಯ (ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸಲಾಗದ) ಅಪರಾಧವೆಂದು ಪರಿಗಣಿಸುವುದರಿಂದ, ಫೋನಿನ ಬಿಲ್ಲನ್ನು ತೋರಿಸಿ ಅದರ ಬೆಲೆಯನ್ನು ದೂರಿನಲ್ಲಿ ನಮೂದಿಸುವುದು ಮುಖ್ಯ.

ದೂರಿನ ಪ್ರತಿ ಕೈಗೆ ಬಂದ ಮೇಲೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಿಇಐಆರ್ ಜಾಲತಾಣದಲ್ಲಿ, ಮನೆಯಲ್ಲಿ ಬರೆದಿಟ್ಟಿದ್ದ ಐಎಂಇಐ ಸಂಖ್ಯೆಗಳನ್ನೂ ದೂರಿನ ಪ್ರತಿಯನ್ನೂ ಗುರುತಿನ ಚೀಟಿಯನ್ನೂ ಸೇರಿಸಿ, ಫೋನನ್ನು ಬ್ಲಾಕ್ ಮಾಡಿಸಲು ಅರ್ಜಿ ಸಲ್ಲಿಸಬೇಕು. ಒಟಿಪಿ ಬರಲು ಸಂಖ್ಯೆ ಚಾಲ್ತಿಯಲ್ಲಿರಬೇಕಾದ್ದರಿಂದ, ಹಳೆಯ ನಂಬರಿಗೇ ಹೊಸ ಸಿಮ್ ಪಡೆದುಕೊಂಡು ಈ ಕೆಲಸಕ್ಕೆ ಕೂರುವುದು ಅನುಕೂಲ. ಅರ್ಜಿ ಅಂಗೀಕಾರವಾದರೆ ಆ ಫೋನು ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ಕೆಲಸ ಮಾಡುವುದಿಲ್ಲ, ಯಾರಾದರೂ ಸಿಮ್ ಹಾಕಿ ಬಳಸಲು ನೋಡಿದರೆ ಅದರ ಸುಳಿವು ಪೊಲೀಸರಿಗೆ ಸಿಗುತ್ತದೆ. ಅರ್ಜಿಯ ಐಡಿಯನ್ನು ಜೋಪಾನವಾಗಿಡಬೇಕು, ಏಕೆಂದರೆ ಫೋನು ಸಿಕ್ಕಿತೆಂದು ಠಾಣೆಯಿಂದ ಕರೆ ಬಂದ ದಿನ ಅದೇ ಐಡಿ ಬಳಸಿ ಅದನ್ನು ಅನ್‌ಬ್ಲಾಕ್ ಮಾಡಿಸಿಕೊಳ್ಳಬೇಕಾಗುತ್ತದೆ.